ಮರುದಿನವೂ ಹೋಗಿ: ದಿನನಿತ್ಯದ ಬದುಕಿನಲ್ಲಿ ಕ್ರಿಸ್ತನ ಪ್ರೀತಿ ತೋರಿಸುವ ಬಗೆ, ಹಂತ ಹಂತವಾಗಿ

ರವಿವಾರ ಆರಾಧನೆಯಲ್ಲಿ "ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕು" ಅಂತ ಕೇಳಿದಾಗ ನಾವೆಲ್ಲ ತಲೆ ಆಡಿಸುತ್ತೇವೆ. ಆಮೇಲೆ ಮನೆಗೆ ಬಂದು ಊಟ ಮಾಡಿ ಮಲಗುತ್ತೇವೆ. ಸೋಮವಾರ ಬೆಳಿಗ್ಗೆ ಯಾರ ಮನೆಗೆ ಹೋಗಬೇಕು, ಏನು ಮಾತಾಡಬೇಕು, ಎಷ್ಟು ದುಡ್ಡು ಕೊಡಬೇಕು, ಎಲ್ಲಿ ಸುಮ್ಮನಿರಬೇಕು ಅನ್ನೋದನ್ನೆಲ್ಲ ಹೇಳೋಕೆ ಪಾಸ್ಟರ್ ಮಾಡುವ ಪ್ರಸಂಗದಲ್ಲಿ ಹೊತ್ತು ಸಾಲೋದಿಲ್ಲ. ಈ ಬರಹ ಅದಕ್ಕೇ. ಹುಬ್ಬಳ್ಳಿ-ಧಾರವಾಡದ ಓಣಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ, ಗದಗ ಹಾವೇರಿಯವರಿಗೂ ನಡೆಯುತ್ತದೆ.

ಬೈಬಲಿನ ಲೂಕ 10ನೇ ಅಧ್ಯಾಯದ ಸಮಾರ್ಯದವನ ಕಥೆ ನಿಮಗೆ ಗೊತ್ತು. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಒಬ್ಬ ಅರೆಜೀವವಾಗಿ ಬಿದ್ದಿದ್ದ. ಯಾಜಕ ನೋಡಿ ಆಚೆ ಹೋದ, ದೇವಾಲಯದ ಸೇವೆಯವನಾದ ಲೇವಿಯ ನೋಡಿ ಆಚೆ ಹೋದ, ಯೆಹೂದ್ಯರಿಗೆ ಆಗದ ಜನದವನಾದ ಸಮಾರ್ಯದವನು ಗಾಯ ಕಟ್ಟಿದ. ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯ ಅನಿಸೋದು 35ನೇ ವಚನ. ರಾತ್ರಿಯೆಲ್ಲ ಛತ್ರದಲ್ಲಿ ಆರೈಕೆ ಮಾಡಿದವನು ಮರುದಿನ ಎರಡು ದಿನಾರಿ ತೆಗೆದು ಛತ್ರದವನ ಕೈಗೆ ಕೊಟ್ಟು, ಇನ್ನೂ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂದ. ಒಂದು ದಿನಾರಿ ಅಂದರೆ ಆಗ ಕೂಲಿಯವನ ಒಂದು ದಿನದ ಪಗಾರ. ಅಂದರೆ ಆತ ಮೊದಲ ದಿನ ಮಾತ್ರ ಅಲ್ಲ, ಎರಡನೇ ದಿನವೂ ಇದ್ದ. ಮತ್ತೆ ಬರ್ತೀನಿ ಅಂತಲೂ ಹೇಳಿದ.

ನಮ್ಮ ಕಡೆ ಮೊದಲ ದಿನಕ್ಕೆ ಜನ ಕಡಿಮೆ ಆಗೋದಿಲ್ಲ. ಬೈಕ್ ಬಿದ್ದರೆ ಓಣಿಯೇ ಓಡಿ ಬರುತ್ತದೆ. ಯಾರಾದರೂ ತೀರಿಕೊಂಡರೆ ಮಣ್ಣಿಗೆ ನೂರಾರು ಜನ ಸೇರುತ್ತಾರೆ. ಕೊರತೆ ಇರೋದು ಎರಡನೇ ದಿನ, ಹತ್ತನೇ ದಿನ, ಎರಡನೇ ತಿಂಗಳು. ಕೆಳಗಿನ ಹಂತಗಳನ್ನೆಲ್ಲ ಆ ಲೆಕ್ಕದಲ್ಲೇ ಓದಿಕೊಳ್ಳಿ.

ಹಂತ 1: ಐದು ಹೆಸರು ಬರೆಯಿರಿ

ಎಲ್ಲರನ್ನೂ ಪ್ರೀತಿಸುತ್ತೇನೆ ಅನ್ನೋದು ಬಹಳ ಸುಲಭ, ಯಾಕಂದರೆ ಈ ಎಲ್ಲರೂ ಅನ್ನೋರು ಯಾವತ್ತೂ ಬಂದು ನಮ್ಮ ಬಾಗಿಲು ಬಡಿಯೋದಿಲ್ಲ. ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಳ್ಳಿ. ಮನೆಯವರು ಒಬ್ಬರು, ಓಣಿಯವರು ಒಬ್ಬರು, ಕೆಲಸದ ಜಾಗದವರು ಒಬ್ಬರು, ಸಭೆಯವರು, ಅಂದರೆ ಚರ್ಚಿನವರು ಒಬ್ಬರು, ಮತ್ತೆ ಕಂಡರೆ ನಿಮಗೆ ಆಗದವರು ಒಬ್ಬರು. ಐದೇ ಸಾಕು. ಪ್ರತಿ ಹೆಸರಿನ ಮುಂದೆ ಈಗ ಅವರ ಮನೆಯಲ್ಲಿ ಏನು ನಡೆದಿದೆ ಅಂತ ಒಂದು ಸಾಲು ಬರೆಯಿರಿ. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ, ಅಜ್ಜನ ಕಣ್ಣಿನ ಆಪರೇಷನ್, ಗಂಡನ ಕೆಲಸ ಹೋಗಿದ್ದು, ಹೀಗೆ. ಬರೆಯೋಕೆ ಏನೂ ಗೊತ್ತಿಲ್ಲ ಅಂದರೆ ಅದೇ ನಿಮ್ಮ ಮೊದಲ ಕೆಲಸ, ಹೋಗಿ ಮಾತಾಡಿಸಿ.

ಈ ಐದು ಹೆಸರಿಗಾಗಿ ದಿನಾ ಪ್ರಾರ್ಥನೆ ಮಾಡಿ, ನಿಜವಾಗಿಯೂ ಮಾಡಿ. "ಪ್ರಾರ್ಥನಿ ಮಾಡ್ತೀನ್ರಿ" ಅಂದು ಬೈಕ್ ಹತ್ತಿ ಹೋಗೋದು ನಮಗೆಲ್ಲ ರೂಢಿ. ಬಟ್ಟೆ ಇಲ್ಲದೆ, ಆ ದಿನದ ಊಟ ಇಲ್ಲದೆ ಇರೋರಿಗೆ ಏನೂ ಕೊಡದೆ "ಸಮಾಧಾನವಾಗಿ ಹೋಗಿ, ಬೆಚ್ಚಗಿರಿ" ಅಂದರೆ ಏನು ಪ್ರಯೋಜನ ಅಂತ ಯಾಕೋಬ ತನ್ನ ಪತ್ರದ 2ನೇ ಅಧ್ಯಾಯದಲ್ಲಿ ಮುಖಕ್ಕೆ ಹೊಡೆದ ಹಾಗೆ ಕೇಳಿದ್ದಾನೆ. ಪ್ರಾರ್ಥನೆಯ ಒಂದು ಗುಣ ಏನಂದರೆ, ಮಂಡಿಯೂರಿದಾಗ ಮರೆತದ್ದು ನೆನಪಾಗುತ್ತದೆ. ಅಯ್ಯೋ, ಅವರ ಆಪರೇಷನ್ ಇವತ್ತೇ ಅಲ್ವಾ ಅಂತ.

ಮನೆಯವರ ಹೆಸರನ್ನು ಪಟ್ಟಿಯಿಂದ ಬಿಡಬೇಡಿ. ಸಭೆಯಲ್ಲಿ ಎಲ್ಲರಿಗೂ ಕುರ್ಚಿ ಹಾಕುವ ಮನುಷ್ಯ ಮನೆಯಲ್ಲಿ ಕುಡಿದ ಚಹಾದ ಕಪ್ಪು ಎತ್ತಿಡೋದಿಲ್ಲ. "ಪ್ರೀತಿ ಬಹು ತಾಳ್ಮೆಯುಳ್ಳದ್ದು" ಅನ್ನೋ 1 ಕೊರಿಂಥ 13ನ್ನು ನಾವು ಮದುವೆಯಲ್ಲಿ ಓದುತ್ತೇವೆ, ಆದರೆ ಪೌಲ ಅದನ್ನು ಬರೆದದ್ದು ತಮ್ಮತಮ್ಮಲ್ಲೇ ಜಗಳಾಡುತ್ತಿದ್ದ ಸಭೆಗೆ. ನಿಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು? ಎಲ್ಲರಿಗೂ ಬಿಸಿ ರೊಟ್ಟಿ ಹಾಕಿ ಕೊನೆಗೆ ಆರಿದ್ದು ತಿನ್ನುವವರು ಯಾರು? ಒಂದು ದಿನ ಅವರನ್ನು ಮೊದಲು ಕೂರಿಸಿ, ನೀವು ಬಡಿಸಿ. ರೊಟ್ಟಿ ಬಡಿಯೋಕೆ ಬರದಿದ್ದರೆ ಖಾನಾವಳಿಯಿಂದ ತನ್ನಿ, ಏನೂ ತೊಂದರೆ ಇಲ್ಲ.

ಹಂತ 2: ಕೇಳಿ, ಆಮೇಲೆ ಸುಮ್ಮನೆ ಕೂತುಕೊಳ್ಳಿ

ಯೆರಿಕೋದ ದಾರಿಬದಿಯಲ್ಲಿ ಕುರುಡ ಬಾರ್ತಿಮಾಯ ಕೂಗಿದಾಗ ಯೇಸು "ನಾನು ನಿನಗೆ ಏನು ಮಾಡಬೇಕು?" ಅಂತ ಕೇಳಿದ. ಕಣ್ಣಿಲ್ಲದವನಿಗೆ ಏನು ಬೇಕು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಆದರೂ ಕೇಳಿದ. ನಾವು ಹಾಗಲ್ಲ, ಬಡವರು ಅಂದ ತಕ್ಷಣ ಹಳೆ ಸೀರೆ, ಹಳೆ ಪುಸ್ತಕ, ಬ್ಲಾಂಕೆಟ್ ಕೊಟ್ಟು ಬರುತ್ತೇವೆ.

ಕೇಳೋದಕ್ಕೂ ಒಂದು ಬಗೆ ಇದೆ. "ಏನರ ಬೇಕಾದ್ರ ಹೇಳ್ರಿ" ಅನ್ನೋ ಮಾತಿನಿಂದ ಯಾರಿಗೂ ಏನೂ ಸಿಕ್ಕಿಲ್ಲ. ಕಷ್ಟದಲ್ಲಿ ಇರೋರು ತಾವಾಗಿ ಫೋನ್ ಮಾಡಿ ಕೇಳೋದಿಲ್ಲ, ಮರ್ಯಾದೆ ಅಡ್ಡ ಬರುತ್ತದೆ. ಅದರ ಬದಲು ಹೀಗೆ ಕೇಳಿ: "ಅಕ್ಕಾರ, ನಾಳೆ ಮುಂಜಾನೆ ನಾ ಮಾರ್ಕೆಟ್‌ಗೆ ಹೊಂಟೀನಿ, ನಿಮಗ ಕಾಯಿಪಲ್ಲೆ ಏನ್ ತರ್ಲಿ?" ಅಥವಾ "ಕಾಕಾ, ಗುರುವಾರ ನನಗ ಸೂಟಿ ಐತಿ, ದವಾಖಾನಿಗೆ ನಾನೇ ಕರ್ಕೊಂಡ್ ಹೋಗ್ತೀನಿ, ಎಷ್ಟು ಗಂಟೆಗೆ ಬರ್ಲಿ?" ದಿನ, ಹೊತ್ತು, ಕೆಲಸ ಮೂರೂ ಆ ಮಾತಿನಲ್ಲಿ ಇರಲಿ. ಆಗ ಅವರು ಹೂಂ ಅನ್ನೋದು ಸುಲಭ. ಬೇಡ ಅನ್ನೋದೂ ಸುಲಭ.

ಅವರು ಹೇಳೋಕೆ ಶುರು ಮಾಡಿದರೆ ಮೊಬೈಲ್ ಕಿಸೆಗೆ ಹಾಕಿ. ನಿಮ್ಮ ಅತ್ತೆಗೂ ಹೀಗೇ ಆಗಿತ್ತು ಅನ್ನೋ ಕಥೆ ಬೇಡ. "ದೇವರ ಚಿತ್ತ" ಬೇಡ. "ನಂಬಿಕೆ ಇಟ್ಟಿದ್ರ ಹಿಂಗ ಆಗ್ತಿರಲಿಲ್ಲ" ಅನ್ನೋದಂತೂ ಬಾಯಿಂದ ಬರಲೇಬಾರದು. ಯೋಬನ ಮೂವರು ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅಲ್ಲಿವರೆಗೆ ಚೆನ್ನಾಗಿಯೇ ಇತ್ತು. ಬಾಯಿ ತೆರೆದ ಮೇಲೆ ಕೆಟ್ಟಿತು. "ಏನ್ ಹೇಳಬೇಕೋ ನನಗ ತಿಳೀವಲ್ದು, ಆದ್ರ ನಾ ಇಲ್ಲೇ ಅದೀನಿ" ಅನ್ನೋದು ಸಾಕು.

ಹಂತ 3: ನಳ ಬರುವ ದಿನದಿಂದ ಶುರು ಮಾಡಿ

ಹುಬ್ಬಳ್ಳಿ-ಧಾರವಾಡದಲ್ಲಿ ನೀರು ಹಲವು ದಿನಕ್ಕೊಮ್ಮೆ ಬರುವ ಓಣಿಗಳು ಎಷ್ಟೋ ಇವೆ. ನಳ ಬರುವ ದಿನ ಮನುಷ್ಯನ ನಿಜ ಸ್ವಭಾವ ಹೊರಗೆ ಬರುತ್ತದೆ. ಯಾರ ಮೋಟಾರ್ ಜಾಸ್ತಿ ಎಳೆಯಿತು, ಯಾರ ಪೈಪು ಯಾರ ಕಟ್ಟೆ ಮೇಲೆ ಹೋಯಿತು ಅಂತ ಶುರುವಾದ ಜಗಳ ವರ್ಷಗಟ್ಟಲೆ ನಡೆಯುತ್ತದೆ. ಕ್ರಿಸ್ತನ ಪ್ರೀತಿ ತೋರಿಸೋಕೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

ಇಬ್ಬರೂ ಕೆಲಸಕ್ಕೆ ಹೋಗುವ ಮನೆ, ಒಬ್ಬರೇ ಇರುವ ಮುದುಕರ ಮನೆ, ಬಾಡಿಗೆಗೆ ಇರುವ ಹುಡುಗರ ಕೋಣೆ, ಇವು ಮೂರನ್ನೂ ನಿಮ್ಮ ಓಣಿಯಲ್ಲಿ ಗುರುತಿಸಿ. ನೀರು ಬಂದಾಗ ಅವರಿಗೆ ಫೋನ್ ಮಾಡಿ. ಅವರು ಊರಲ್ಲಿ ಇಲ್ಲದಿದ್ದರೆ ಅವರ ಬ್ಯಾರಲ್‌ಗೆ ನಿಮ್ಮ ಪೈಪು ಬಿಡಿ. ಮೋಟಾರನ್ನು ಹತ್ತು ನಿಮಿಷ ಬೇಗ ಬಂದ್ ಮಾಡಿ. ಒಂದು ತಂಬಿಗೆ ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪೋದಿಲ್ಲ ಅಂತ ಮತ್ತಾಯ 10ರಲ್ಲಿ ಇದೆ, ನೀವು ಬ್ಯಾರಲ್ಲೇ ತುಂಬಿಸುತ್ತಿದ್ದೀರಿ. ಕಸ ಒಯ್ಯೋಕೆ ಬರುವ ಪೌರಕಾರ್ಮಿಕರಿಗೆ, ಕೊರಿಯರ್ ಹುಡುಗರಿಗೆ ಏಪ್ರಿಲ್ ಬಿಸಿಲಲ್ಲಿ ಕೇಳದೆಯೇ ನೀರು ಕೊಡಿ. ಬೇರೆ ಲೋಟದಲ್ಲಿ ಅಲ್ಲ, ನೀವು ಕುಡಿಯುವ ಲೋಟದಲ್ಲೇ ಕೊಡಿ.

ಹಂತ 4: ಊಟ ಕೊಡುವಾಗ ಅವರ ಮನೆಯ ರೀತಿ ನೋಡಿ

ಪ್ರೀತಿಯಿಂದ ಕೊಟ್ಟಿದ್ದು ಅವರಿಗೆ ಉಣ್ಣೋಕೆ ಬರದಿದ್ದರೆ ಕಸಿವಿಸಿ ಆಗೋದು ಅವರಿಗೇ. ನೆರೆಮನೆ ಲಿಂಗಾಯತರದ್ದಾದರೆ ತತ್ತಿ ಹಾಕಿದ ಕ್ರಿಸ್‌ಮಸ್ ಕೇಕ್ ಒಯ್ಯಬೇಡಿ. ತತ್ತಿ ಇಲ್ಲದ್ದು ಮಾಡಿ, ಅಥವಾ ಕರ್ಚಿಕಾಯಿ, ಚಕ್ಕುಲಿ ಕೊಡಿ, ಮಾಂಸ ಬೇಯಿಸದ ಪಾತ್ರೆಯಲ್ಲಿ ಮಾಡಿದ್ದು ಅಂತ ನೀವೇ ಮೊದಲು ಹೇಳಿ. ಶ್ರಾವಣದಲ್ಲಿ, ಸೋಮವಾರದಲ್ಲಿ ಇನ್ನಷ್ಟು ನೋಡಿ ನಡೆಯಿರಿ. ಮುಸ್ಲಿಂ ಮನೆಯವರಿಗೆ ರಂಜಾನ್ ತಿಂಗಳಲ್ಲಿ ಮಧ್ಯಾಹ್ನ ಚಹಾ ಒತ್ತಾಯ ಮಾಡಬೇಡಿ, ಸಂಜೆ ಇಫ್ತಾರ್ ಹೊತ್ತಿಗೆ ಹಣ್ಣು ಕಳಿಸಿ. ಕೆಲವು ಮನೆಯವರು ಹೊರಗಿನ ಅಡುಗೆಯನ್ನೇ ಉಣ್ಣೋದಿಲ್ಲ. ಬೇಜಾರು ಮಾಡಿಕೊಳ್ಳದೆ ಬಾಳೆಹಣ್ಣು ಕೊಡಿ. ಇನ್ನೊಂದು, ಅವರು ಕೊಟ್ಟಿದ್ದನ್ನು ನೀವು ತಿನ್ನಿ. ಬರೀ ಕೊಡುವವರಾಗಿ ಇರೋದರಲ್ಲಿ ಒಂದು ಗತ್ತು ಇದೆ. ಸಂಕ್ರಾಂತಿ ಕುಸುರೆಳ್ಳು, ದಸರೆಯಲ್ಲಿ ಬನ್ನಿ ಕೊಟ್ಟು "ಬಂಗಾರದಂಗ ಇರೋಣು" ಅಂತ ಬಾಗಿಲಿಗೆ ಬಂದವರನ್ನು ಒಳಗೆ ಕರೆದು ಕೂರಿಸದೆ ಕಳಿಸುವ ಕ್ರೈಸ್ತ ಮನೆಗಳನ್ನು ನೋಡಿದಾಗ ನನಗೆ ನಾಚಿಕೆ ಆಗುತ್ತದೆ.

ಯಾರನ್ನು ಊಟಕ್ಕೆ ಕರೆಯಬೇಕು? ವಾಪಸ್ ಕರೆಯೋಕೆ ಆಗದವರನ್ನು ಕರೆಯಿರಿ ಅಂತ ಲೂಕ 14ರಲ್ಲಿ ಯೇಸುವೇ ಹೇಳಿದ್ದಾನೆ. ಧಾರವಾಡದಲ್ಲಿ ಓದೋಕೆ ಬಂದ ಹುಡುಗ ಹುಡುಗಿಯರು ಸಾವಿರಾರು ಜನ ಇದ್ದಾರೆ. ಕೋಚಿಂಗ್‌ಗೆ ಬಂದು ಸಪ್ತಾಪುರದ ಸಣ್ಣ ಕೋಣೆಗಳಲ್ಲಿ ಇರುವವರಿಗೆ ರವಿವಾರ ಮನೆ ಊಟ ಅಂದರೆ ಎಷ್ಟು ಖುಷಿ ಗೊತ್ತಾ? ಬಿಸಿ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಮೊಸರು ಇದ್ದರೆ ಆಯಿತು. ಎಷ್ಟು ಮಾರ್ಕ್ಸ್ ಬಂತು, ನೌಕರಿ ಯಾವಾಗ ಅಂತ ಕೇಳಬೇಡಿ, ಅಷ್ಟೇ.

ಹಂತ 5: ದವಾಖಾನೆಯ ವಾರ್ಡಿನ ಹೊರಗೆ ಕೂತವರನ್ನು ನೋಡಿ

ಹುಬ್ಬಳ್ಳಿಯ ಸರ್ಕಾರಿ ದೊಡ್ಡ ದವಾಖಾನೆ ಕಿಮ್ಸ್‌ಗೆ (ಈಗಿನ ಹೆಸರು ಕೆಎಂಸಿಆರ್‌ಐ) ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಜನ ಬರುತ್ತಾರೆ. ಪೇಷಂಟ್‌ಗೆ ಮಂಚ ಇರುತ್ತದೆ, ಡಾಕ್ಟರ್ ಇರುತ್ತಾರೆ. ಜೊತೆಗೆ ಬಂದವರಿಗೆ ಏನೂ ಇರೋದಿಲ್ಲ. ಸಭೆಗಳಿಂದ ಹೋಗುವವರು ಪೇಷಂಟ್ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಬ್ರೆಡ್ಡು ಹಣ್ಣು ಇಟ್ಟು ಬರುತ್ತಾರೆ. ಒಳ್ಳೆಯದೇ. ಆದರೆ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂತ ಆ ಹೆಂಡತಿಯನ್ನು, ಆ ಮುದುಕ ಅಪ್ಪನನ್ನು ಯಾರೂ ಮಾತಾಡಿಸೋದಿಲ್ಲ.

ಅವರಿಗೆ ಬೇಕಾಗೋದು ಇವು: ಬಿಸಿನೀರಿಗೆ ಒಂದು ಫ್ಲಾಸ್ಕ್, ಮೊಬೈಲ್ ಚಾರ್ಜರ್, ಹೊದೆಯೋಕೆ ಒಂದು ಚಾದರ, ಸ್ನಾನ ಮಾಡಿ ಬರುವವರೆಗೆ ಪೇಷಂಟ್ ಪಕ್ಕ ಕೂರೋಕೆ ಒಬ್ಬರು. ಈ ಕೊನೆಯದು ಎಲ್ಲಕ್ಕಿಂತ ದೊಡ್ಡದು. ಎರಡು ತಾಸು ನೀವು ಕೂತರೆ ಅವರು ಮೈ ತೊಳೆದು, ಉಂಡು, ಸ್ವಲ್ಪ ಮಲಗಿ ಬರುತ್ತಾರೆ. ಆಮೇಲೆ ಚೀಟಿ ಓದೋದು. ಯಾವ ಕೌಂಟರ್, ಯಾವ ಸ್ಕ್ಯಾನ್, ಎಷ್ಟನೇ ಮಹಡಿ ಅಂತ ಓದೋಕೆ ಬರದವರು ಮುಂಜಾನೆಯಿಂದ ತಿರುಗುತ್ತಲೇ ಇರುತ್ತಾರೆ. ಅವರ ಜೊತೆ ಒಂದು ಸುತ್ತು ನಡೆಯಿರಿ.

ದುಡ್ಡಿನ ಮಾತು ಬಂದರೆ ಕಿಸೆಗೆ ಕೈ ಹಾಕುವ ಮೊದಲು ಕಾಗದ ನೋಡಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶ ಇದೆ. ರೇಷನ್ ಕಾರ್ಡು, ಆಧಾರ್ ಊರಲ್ಲೇ ಬಿಟ್ಟು ಬಂದಿದ್ದಾರೆ ಅಂತಲೇ ಎಷ್ಟೋ ಸಲ ಕೆಲಸ ನಿಲ್ಲುತ್ತದೆ. ಊರಿಗೆ ಫೋನ್ ಹಚ್ಚಿ, ಬಸ್ಸಿಗೆ ಬರುವವರ ಕೈಯಲ್ಲಿ ತರಿಸಿಕೊಡಿ. ನೀವು ಕೊಡುವ ಐನೂರು ರೂಪಾಯಿಗಿಂತ ಇದು ದೊಡ್ಡ ಸಹಾಯ.

ರಕ್ತ ಕೊಡೋಕೆ ಆಗುತ್ತದಾ ನೋಡಿ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆಜಿ, ಆರೋಗ್ಯ ಸರಿ ಇದ್ದರೆ ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು. ಸಭೆಯಲ್ಲಿ ಯಾರ ರಕ್ತ ಯಾವ ಗುಂಪು ಅಂತ ಒಂದು ಪಟ್ಟಿ ಇಟ್ಟರೆ ರಾತ್ರಿ ಹೊತ್ತು ಹುಡುಕಾಡೋದು ತಪ್ಪುತ್ತದೆ.

ಡಿಸ್ಚಾರ್ಜ್ ಆದ ಮೇಲೆ ಹೋಗೋದನ್ನು ಮರೆಯಬೇಡಿ. ಯಾಯಿರನ ಮಗಳನ್ನು ಬದುಕಿಸಿದ ಯೇಸು ಮುಂದೆ ಹೇಳಿದ ಮಾತು "ಇವಳಿಗೆ ಉಣ್ಣಲು ಏನಾದರೂ ಕೊಡಿ" ಅಂತ. ಅದ್ಭುತ ಆಯಿತು, ಸರಿ, ಮಗು ಹಸಿದಿದೆ ಅಲ್ವಾ? ಆಪರೇಷನ್ ಆಗಿ ಮನೆಗೆ ಬಂದವರಿಗೆ ಎರಡನೇ ವಾರದಲ್ಲಿ ಒಂದು ಡಬ್ಬಿ ಗಂಜಿ, ಸಪ್ಪನೆ ಪಲ್ಯ ಕಳಿಸಿ. ಆ ಹೊತ್ತಿಗೆ ಬೇರೆ ಯಾರೂ ಬರುತ್ತಿರೋದಿಲ್ಲ.

ಹಂತ 6: ಸಾವಿನ ಮನೆಗೆ ಇಪ್ಪತ್ತನೇ ದಿನ ಹೋಗಿ

ನಮ್ಮ ಕಡೆ ಸಾವಿನ ಮನೆಗೆ ಬುತ್ತಿ ಒಯ್ಯುವ ಪದ್ಧತಿ ಇದೆ, ಅದು ಯಾವ ಧರ್ಮದ್ದೂ ಅಲ್ಲ, ಊರಿನದು. ಅದನ್ನು ಬಿಡಬೇಡಿ. ಮಣ್ಣಿಗೆ ಹೋಗಿ, ಕುರ್ಚಿ ಎತ್ತಿಡಿ, ಚಹಾ ಕೊಡಿ, ಅಳುವವರ ಜೊತೆ ಅತ್ತುಬಿಡಿ. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯ ಕೇಳೋದು ಅಷ್ಟನ್ನೇ. ಬೇರೆ ಧರ್ಮದವರ ಮನೆಯಾದರೆ ಅವರ ವಿಧಿ ನಡೆಯುವಾಗ ದೂರ ನಿಂತು ಮುಖ ಗಂಟು ಹಾಕಿಕೊಳ್ಳಬೇಡಿ, ಶಾಂತವಾಗಿ ನಿಲ್ಲಿ.

ದಿನಕರ್ಮ ಎಲ್ಲ ಮುಗಿದು ನೆಂಟರು ಊರಿಗೆ ಹೋದ ಮೇಲೆ ಆ ಮನೆಯಲ್ಲಿ ಒಂದು ಥರದ ನಿಶ್ಶಬ್ದ ಇರುತ್ತದೆ, ಅದರ ಜೊತೆಗೆ ಕಾಗದಪತ್ರದ ರಾಶಿಯೂ ಇರುತ್ತದೆ. ಗಂಡ ಸತ್ತ ಹೆಂಗಸಿಗೆ ಎರಡೂ ಒಟ್ಟಿಗೇ ಮೇಲೆ ಬೀಳುತ್ತವೆ. ಇಲ್ಲಿ ನೀವು ಮಾಡಬಹುದಾದ ಕೆಲಸ ಬಹಳ ಇದೆ, ಒಂದೊಂದಾಗಿ ಹೇಳುತ್ತೇನೆ.

ಮರಣ ನೋಂದಣಿ 21 ದಿನದೊಳಗೆ ಆಗಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಅವರೇ ಮಾಹಿತಿ ಕಳಿಸುತ್ತಾರೆ, ಮನೆಯಲ್ಲಿ ತೀರಿಕೊಂಡಿದ್ದರೆ ಮನೆಯವರೇ ಹೋಗಿ ತಿಳಿಸಬೇಕು. ಪ್ರಮಾಣಪತ್ರದ ಪ್ರತಿ ಜಾಸ್ತಿ ತೆಗೆಸಿ, ಎಲ್ಲಾ ಕಡೆ ಕೇಳುತ್ತಾರೆ. ಹೆಸರಿನ ಅಕ್ಷರ ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ಅಂತ ಅಲ್ಲೇ ನಿಂತು ನೋಡಿಕೊಳ್ಳಿ, ಆಮೇಲೆ ತಿದ್ದಿಸೋದು ಬಹಳ ತಿರುಗಾಟ.

ಬ್ಯಾಂಕಿನ ಪಾಸ್‌ಬುಕ್ ತೆಗೆದು ನೋಡಿ. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತ ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, ಯಾವ ಕಾರಣದಿಂದ ತೀರಿಕೊಂಡಿದ್ದರೂ 2 ಲಕ್ಷ ಬರುವಂಥದ್ದು. 20 ರೂಪಾಯಿ ಕಡಿತ ಆಗಿದ್ದರೆ ಸುರಕ್ಷಾ ವಿಮೆ, ಅದು ಅಪಘಾತದ ಸಾವಿಗೆ 2 ಲಕ್ಷ. ಜನಧನ್ ಖಾತೆ ತೆಗೆಯುವಾಗ ಸಹಿ ಹಾಕಿಸಿಕೊಂಡಿರುತ್ತಾರೆ, ಮನೆಯವರಿಗೆ ಗೊತ್ತೇ ಇರೋದಿಲ್ಲ. ಆ ಒಂದು ಸಾಲನ್ನು ಓದೋಕೆ ನೀವು ಅರ್ಧ ತಾಸು ಕೊಟ್ಟರೆ ಮಕ್ಕಳ ಎರಡು ವರ್ಷದ ಫೀ ಬರಬಹುದು. ತಡ ಮಾಡದೆ ಬ್ಯಾಂಕಿನಲ್ಲಿ ಕೇಳಿ. ವಿಧವಾ ವೇತನಕ್ಕೆ ನಾಡ ಕಚೇರಿಯಲ್ಲಿ ಅರ್ಜಿ ಹಾಕಿಸಿ. ಅವರ ಸಹಿ ಬೇಕಾದಲ್ಲಿ ಅವರೇ ಹಾಕಲಿ, ದುಡ್ಡು ಅವರ ಖಾತೆಗೇ ಬರಲಿ, ನೀವು ಜೊತೆಗೆ ನಿಲ್ಲಿ, ಅಷ್ಟೇ.

ಮತ್ತೆ ಹೋದವರ ಹೆಸರು ಹೇಳಿ ಮಾತಾಡಿ. ಎಲ್ಲರೂ ಆ ಹೆಸರನ್ನು ತಪ್ಪಿಸುತ್ತಾರೆ, ನೋವಾಗುತ್ತದೆ ಅಂತ. ಆ ಹೆಸರು ಕೇಳೋಕೆ ಅವರು ಕಾದಿರುತ್ತಾರೆ.

ಹಂತ 7: ರಸ್ತೆಯಲ್ಲಿ ನಿಲ್ಲಿ

ಬೈಪಾಸ್ ಮೇಲೆ ಅಪಘಾತ ನೋಡಿದರೂ "ಪೊಲೀಸ್ ಕೇಸ್ ಯಾಕ ಬೇಕು" ಅಂತ ಮುಂದೆ ಹೋಗುವವರು ಇನ್ನೂ ಇದ್ದಾರೆ. ಈಗ ಆ ಹೆದರಿಕೆಗೆ ಕಾರಣ ಇಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಒಂದು ಕಲಂ ಸೇರಿಸಿದ್ದಾರೆ. ಒಳ್ಳೆ ಮನಸ್ಸಿನಿಂದ ಗಾಯಾಳುವಿಗೆ ಸಹಾಯ ಮಾಡಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಕೇಸು ಬರೋದಿಲ್ಲ, ಹೆಸರು ವಿಳಾಸ ಕೊಡಲೇಬೇಕು ಅಂತ ಒತ್ತಾಯ ಮಾಡೋ ಹಾಗಿಲ್ಲ. ಕಾನೂನಿನ ಇಂಗ್ಲಿಷ್ ಮಾತಿನಲ್ಲಿ ಆ ವ್ಯಕ್ತಿಗೆ ಇಟ್ಟ ಹೆಸರು "ಗುಡ್ ಸಮಾರಿಟನ್". ಲೂಕ ಬರೆದ ಕಥೆ ಹೋಗಿ ಭಾರತದ ಕಾಯ್ದೆಯಲ್ಲಿ ಕೂತಿದೆ, ಇನ್ನೂ ನಿಮಗೆ ಧೈರ್ಯ ಬರಲಿಲ್ಲ ಅಂದರೆ ಹೇಗೆ?

ನಿಮ್ಮ ಗಾಡಿಯನ್ನು ಬದಿಗೆ ಹಾಕಿ ಇಂಡಿಕೇಟರ್ ಹಚ್ಚಿ. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ, ಜಾಗದ ಗುರುತು ಹೇಳಿ. ರಕ್ತ ಹೋಗುವ ಕಡೆ ಸ್ವಚ್ಛ ಬಟ್ಟೆ ಒತ್ತಿ ಹಿಡಿಯಿರಿ. ಪ್ರಜ್ಞೆ ಇಲ್ಲದವರಿಗೆ ನೀರು ಕುಡಿಸಬೇಡಿ, ಕುತ್ತಿಗೆ ತಿರುಗಿಸಬೇಡಿ. ವಿಡಿಯೋ ಮಾಡುವವರನ್ನು ಹಿಂದೆ ಸರಿಸಿ. ಮರುದಿನ ಆಸ್ಪತ್ರೆಗೆ ಹೋಗಿ "ನಿನ್ನೆ ಬಂದ್ರಲ್ಲ, ಅವರು ಹ್ಯಾಂಗ ಅದಾರ?" ಅಂತ ಕೇಳಿ.

ಹಂತ 8: ದುಡ್ಡಿನ ವಿಷಯದಲ್ಲಿ ಗಟ್ಟಿ ಇರಿ

ಮೊದಲು, ನೀವು ಕೊಡಬೇಕಾದ ದುಡ್ಡು ಕೊಡಿ. ಕೂಲಿಯವನ ಕೂಲಿ ರಾತ್ರಿ ನಿಮ್ಮ ಬಳಿ ಉಳಿಯಬಾರದು ಅಂತ ಯಾಜಕಕಾಂಡ 19ರಲ್ಲಿ ಇದೆ, ನೆರೆಯವನನ್ನು ಪ್ರೀತಿಸು ಅನ್ನೋ ಮಾತೂ ಅದೇ ಅಧ್ಯಾಯದಲ್ಲಿ ಇದೆ. ಮನೆಗೆಲಸದ ಬಾಯಾರ ಪಗಾರವನ್ನು ಒಂದನೇ ತಾರೀಖಿಗೇ ಕೊಡಿ. ವಾರಕ್ಕೊಂದು ದಿನ ರಜೆ ಕೊಡಿ, ಆ ರಜೆಗೆ ಪಗಾರ ಕಡಿಯಬೇಡಿ. ಗಾರೆ ಕೆಲಸದವರಿಗೆ "ನಾಳೆ ಬಾ" ಅನ್ನಬೇಡಿ. ಜನತಾ ಬಜಾರಿನಲ್ಲಿ ತಪ್ಪಲು ಮಾರುವ ಮುದುಕಿಯ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡಿ, ಅಲ್ಲಿಂದ ಮಾಲ್‌ಗೆ ಹೋಗಿ ಬರೆದ ಬೆಲೆಗೇ ತಗೊಂಡು ಬರೋದು ನಮ್ಮ ಜಾಣತನ.

ಸಾಲ ಕೇಳಿದರೆ? ವಾಪಸ್ ಬರದಿದ್ದರೂ ಸಂಬಂಧ ಕೆಡದಷ್ಟು ದುಡ್ಡನ್ನು ಮಾತ್ರ ಕೊಡಿ, ಮನಸ್ಸಿನಲ್ಲಿ ಅದನ್ನು ಕೊಟ್ಟುಬಿಟ್ಟೆ ಅಂತಲೇ ಲೆಕ್ಕ ಹಾಕಿ. ಜಾಮೀನು ಸಹಿ ಬೇರೆ ಮಾತು, ಅದರ ಬಗ್ಗೆ ಜ್ಞಾನೋಕ್ತಿ 6ನೇ ಅಧ್ಯಾಯವೇ ಎಚ್ಚರಿಸಿದೆ. ಇಲ್ಲ ಅನ್ನೋದಾದರೆ ಮುಖ ಕೊಟ್ಟು ಇಲ್ಲ ಅನ್ನಿ, ಫೋನ್ ಎತ್ತದೆ ಸತಾಯಿಸಬೇಡಿ. ಸಂಘದ ಸಾಲದವರ ಕಾಟಕ್ಕೆ ಹೆದರಿ ಕೂತವರಿಗೆ ಇನ್ನೊಂದು ಸಾಲ ಕೊಡಿಸೋದು ಸಹಾಯ ಅಲ್ಲ. ಮನೆ ಮುಂದೆ ಬಂದು ಬೆದರಿಸುವವರ ವಿರುದ್ಧ ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ, ಸಾಲ ಮಾಡಿ ಹೆದರಿದವರ ಜೊತೆ ಪೊಲೀಸ್ ಠಾಣೆವರೆಗೆ ನಡೆದು ಹೋಗಿ.

ಹಂತ 9: ಜಗಳ ಆದವರ ಮನೆಗೆ ಮೊದಲು ನೀವೇ ಹೋಗಿ

ಪಟ್ಟಿಯ ಐದನೇ ಹೆಸರು ನೆನಪಿದೆಯಾ? ಕಾಣಿಕೆ ಅರ್ಪಿಸೋಕೆ ಬಂದಾಗ ಅಣ್ಣತಮ್ಮನಿಗೆ ನಿನ್ನ ಮೇಲೆ ಏನೋ ಬೇಜಾರು ಇದೆ ಅಂತ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅಂತ ಮತ್ತಾಯ 5ರಲ್ಲಿ ಇದೆ. ಆತ ಮಾಡಿದ್ದೇ ತಪ್ಪಾಗಿದ್ದರೂ ಒಬ್ಬನೇ ಹೋಗಿ ಮಾತಾಡು ಅಂತ 18ನೇ ಅಧ್ಯಾಯ ಹೇಳುತ್ತದೆ. ಅಂದರೆ ಎರಡೂ ಲೆಕ್ಕದಲ್ಲಿ ಹೋಗಬೇಕಾದವರು ನೀವೇ, ತಪ್ಪಿಸಿಕೊಳ್ಳೋಕೆ ದಾರಿ ಇಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ವಚನ ಹಾಕಿ ಚುಚ್ಚೋದು ಹೋಗೋದು ಅನಿಸಿಕೊಳ್ಳೋದಿಲ್ಲ. ಪಾಸ್ಟರ್ ಕೈಯಲ್ಲಿ ಹೇಳಿ ಕಳಿಸೋದೂ ಅಲ್ಲ. ಸಂಜೆ ಹೋಗಿ, ಚಹಾ ಕುಡಿಯಿರಿ, ಹಳೆ ಲೆಕ್ಕ ಪೂರ್ತಿ ತೆಗೆಯಬೇಡಿ. "ಅಣ್ಣಾರ, ಗ್ವಾಡಿ ಮಾತಿನಾಗ ನಾನೂ ಜಾಸ್ತಿ ಮಾತಾಡಿದೆ" ಅನ್ನಿ. ಅವರು ಬಾಗಿಲು ತೆಗೆಯದಿದ್ದರೆ ವಾಪಸ್ ಬನ್ನಿ, ಹಬ್ಬಕ್ಕೆ ಮತ್ತೆ ಹೋಗಿ.

ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಗಂಡ ಹೊಡೆಯುತ್ತಾನೆ ಅಂತ ಹೇಳಿಕೊಂಡು ಬಂದ ಹೆಂಗಸಿಗೆ "ತಾಳ್ಮಿ ಇಟ್ಕೋ ತಂಗಿ, ಕ್ಷಮಿಸು" ಅಂತ ಹೇಳಿ ಕಳಿಸೋದು ಕ್ರಿಸ್ತನ ಪ್ರೀತಿ ಅಲ್ಲ. ಅವಳಿಗೆ ಇವತ್ತು ರಾತ್ರಿ ಮಲಗೋಕೆ ಸುರಕ್ಷಿತ ಜಾಗ ಬೇಕು. 181 ಮಹಿಳಾ ಸಹಾಯವಾಣಿ. ಮಕ್ಕಳ ವಿಷಯವಾದರೆ 1098. ಸಭೆಯ ಮರ್ಯಾದೆ ಹೋಗುತ್ತದೆ ಅಂತ ಮುಚ್ಚಿಡುವವರ ಮಾತು ಕೇಳಬೇಡಿ.

ಹಂತ 10: ಪ್ರೀತಿಗೆ ಗಾಳ ಕಟ್ಟಬೇಡಿ

ಅಕ್ಕಿ ಚೀಲದ ಒಳಗೆ ಕರಪತ್ರ ಇಡಬೇಡಿ. ಆಸ್ಪತ್ರೆಯಲ್ಲಿ ಕೈ ಹಿಡಿದು ಕೂತವರಿಗೆ "ರವಿವಾರ ಚರ್ಚಿಗೆ ಬರ್ರಿ" ಅನ್ನಬೇಡಿ. ಪ್ರಾರ್ಥನೆ ಮಾಡಲಾ ಅಂತ ಕೇಳಿ, ಬೇಡ ಅಂದರೆ ಸರಿ ಅನ್ನಿ, ಮುಂದಿನ ವಾರವೂ ಡಬ್ಬಿ ಒಯ್ಯಿರಿ. ಸಮಾರ್ಯದವನು ಆ ಗಾಯಾಳುವಿಗೆ ನಾವು ಆರಾಧಿಸುವ ಬೆಟ್ಟಕ್ಕೆ ಬಾ ಅಂತ ಕರೆಯಲಿಲ್ಲ, ಎಣ್ಣೆ ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದ ಅಷ್ಟೇ. ನಿಮ್ಮ ನಂಬಿಕೆ ಬಗ್ಗೆ ಅವರಾಗಿ ಕೇಳಿದರೆ ಮುಚ್ಚುಮರೆ ಇಲ್ಲದೆ ಹೇಳಿ, ಆದರೆ ಕೇಳಲಿ.

ಯುರೋಪಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಅವರ ಪ್ರಸಂಗಗಳನ್ನು ಇವತ್ತು ನೆನಪಿಟ್ಟವರು ಕಡಿಮೆ. ಅವರ ಶಾಲೆಯಲ್ಲಿ ಓದಿದವರು, ಬೆಟಗೇರಿಯ ದವಾಖಾನೆಯಲ್ಲಿ ಹುಟ್ಟಿದವರು ಎಲ್ಲಾ ಜಾತಿ ಧರ್ಮದಲ್ಲೂ ಇದ್ದಾರೆ. ಅದೇ ಮಿಷನ್‌ನ ಕಿಟೆಲ್ ಮಾಡಿದ, 1894ರಲ್ಲಿ ಅಚ್ಚಾದ ಕನ್ನಡ ನಿಘಂಟು ತೆರೆಯುವವರನ್ನು ನೀನು ಯಾರವ ಅಂತ ಕೇಳೋದಿಲ್ಲ.

ಫೋಟೋ ಬೇಡ. ಬ್ಲಾಂಕೆಟ್ ಹಿಡಿದ ಮುದುಕನ ಎರಡೂ ಕಡೆ ನಾಲ್ಕು ನಾಲ್ಕು ಜನ ನಿಂತು ತೆಗೆದ ಫೋಟೋದಲ್ಲಿ ಆತನ ಮುಖ ಒಮ್ಮೆ ನೋಡಿ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂದ ಮೇಲೆ ಫೇಸ್‌ಬುಕ್‌ಗೆ ಯಾಕೆ ಗೊತ್ತಾಗಬೇಕು?

ಹಂತ 11: ಒಬ್ಬರೇ ಹೊರಬೇಡಿ

ಇಷ್ಟನ್ನೂ ಒಬ್ಬರೇ ಮಾಡೋಕೆ ಹೋದರೆ ಮೂರು ತಿಂಗಳಲ್ಲಿ ಸಿಡಿಮಿಡಿ ಶುರುವಾಗುತ್ತದೆ, ಮನೆಯವರ ಮೇಲೆ ಕೂಗಾಡುತ್ತೀರಿ. ಜನ ಹುಡುಕಿಕೊಂಡು ಬರುತ್ತಿದ್ದಾಗಲೂ ಯೇಸು ಎದ್ದು ಒಬ್ಬನೇ ಅಡವಿಗೆ ಹೋಗಿ ಪ್ರಾರ್ಥಿಸುತ್ತಿದ್ದ. ನಿಮಗೂ ಒಂದು ಸಂಜೆ ಬೇಕು. ಫೋನ್ ಎತ್ತದೆ ಇರುವ ಸಂಜೆ.

ಸಭೆಯಲ್ಲಿ ನಾಲ್ಕೈದು ಜನ ಸೇರಿ ವಾರ ಹಂಚಿಕೊಳ್ಳಿ. ಒಬ್ಬರಿಗೆ ಅಡುಗೆ ಚೆನ್ನಾಗಿ ಬರುತ್ತದೆ, ಒಬ್ಬರಿಗೆ ಬ್ಯಾಂಕಿನ ಫಾರ್ಮ್ ಗೊತ್ತು, ಒಬ್ಬರ ಹತ್ತಿರ ಕಾರು ಇದೆ, ಇನ್ನೊಬ್ಬರಿಗೆ ಸುಮ್ಮನೆ ಕೂರೋಕೆ ಬರುತ್ತದೆ. ಪಿಂಚಣಿದಾರ ಮುದುಕರನ್ನು ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರಕ್ಕೆ ಕರೆದುಕೊಂಡು ಹೋಗೋದು ಕಾಲೇಜು ಹುಡುಗರಿಗೆ ಬಿಡಿ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಇಬ್ಬರೂ ಮಾತಾಡಿಕೊಂಡು ಹೋಗಿ ಬರುತ್ತಾರೆ. ಒಂಟಿ ಹಿರಿಯರ ತೊಂದರೆ ನಿಮ್ಮ ಕೈ ಮೀರಿದ್ದಾದರೆ 14567 ಹಿರಿಯರ ಸಹಾಯವಾಣಿ ಇದೆ. ಬದುಕೇ ಬೇಡ ಅನ್ನುವವರ ಜೊತೆ ಕೂತಿದ್ದರೆ ಅವರನ್ನು ಒಬ್ಬರೇ ಬಿಡದೆ 14416ಕ್ಕೆ ಫೋನ್ ಹಚ್ಚಿ, ಅದು ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಊರಿಗೆ ಹೋಗುವಾಗ ನಿಮ್ಮ ನೋಟ್‌ಬುಕ್ಕನ್ನು ಗುಂಪಿನ ಇನ್ನೊಬ್ಬರ ಕೈಗೆ ಕೊಟ್ಟು ಹೋಗಿ. ಯಾರ ಮನೆಗೆ ಯಾವ ದಿನ ಡಬ್ಬಿ ಹೋಗಬೇಕು, ಯಾರಿಗೆ ಖಾರ ಬೇಡ, ಯಾರ ಬ್ಯಾರಲ್ ತುಂಬಿಸಬೇಕು, ಯಾವ ಅಜ್ಜಿಗೆ ಕಿವಿ ಸರಿಯಾಗಿ ಕೇಳೋದಿಲ್ಲ, ಬಾಗಿಲನ್ನು ಜೋರಾಗಿ ಬಡಿಯಬೇಕು ಅಂತ ಅದರಲ್ಲಿ ಬರೆದಿರಲಿ.